ಒಂದು ಮನೆಗೆ ಒಂದೇ ಫೋಟೋ

ನನ್ನ ಹೆಂಡತಿ ಮಂಗಲಾಳ ಬಗ್ಗೆ ಬರೆಯಲು ನಾನೇ ಸರಿ ಎಂದುಕೊಂಡು ಕೂತಿದ್ದೇನೆ. ಬೇರೆಯವರು ಬರೆದರೆ ಅವಳನ್ನು ದೇವತೆ ಮಾಡಿಬಿಡುತ್ತಾರೆ. ಅವಳು ದೇವತೆಯಲ್ಲ. ಚಾ ಕುಡಿದ ಲೋಟವನ್ನು ನಾನು ಕೂತಲ್ಲೇ ಬಿಟ್ಟೆದ್ದರೆ ಸಂಜೆಯವರೆಗೂ ಅದೇ ಮಾತು. ಆದರೆ ಹೊನ್ನಾವರದಲ್ಲಿ ಹೆಂಡತಿಯ ಹೆಸರಿನಿಂದ ಗುರುತಿಸಿಕೊಳ್ಳುವ ಲೈನ್‌ಮ್ಯಾನ್ ನಾನೊಬ್ಬನೇ ಇರಬೇಕು. ಕಂಬ ಹತ್ತಿ ತಂತಿ ಬಿಗಿಯುವಾಗಲೂ ಕೆಳಗಿನಿಂದ ಯಾರೋ ಕೇಳುತ್ತಾರೆ, "ನೀವು ಮಂಗಲಕ್ಕನ ಯಜಮಾನ್ರು ಅಲ್ದಾ?" ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ಕೇಳದೆ ಹೋದರೆ ಸಿಟ್ಟು ಬರುತ್ತದೆ.

ಅವಳು ಭಟ್ಕಳ ತಾಲೂಕಿನ ಕಾಯ್ಕಿಣಿಯವಳು. ಪಿಯುಸಿ ಆದ ಮೇಲೆ ಹೊಲಿಗೆ ಕಲಿತು, ಮದುವೆಯಾಗಿ ನಮ್ಮ ಮನೆಗೆ ಬರುವಾಗ ತವರಿನಿಂದ ಹೊಲಿಗೆ ಮೆಷಿನ್ ತಂದಳು. ಅಂದಿನಿಂದ ನಮ್ಮ ಜಗಲಿ ಅವಳದಾಯಿತು. ನಾನು ಕೂತು ಪೇಪರ್ ಓದುತ್ತಿದ್ದ ಜಾಗ ಅದು. ಮೊದಲು ಮೂಲೆಗೆ ಸರಿದೆ, ಆಮೇಲೆ ಹಿತ್ತಲಿಗೇ ಹೋದೆ. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರು ಅಳತೆ ಕೊಟ್ಟು ಸುಮ್ಮನೆ ಹೋಗುತ್ತಾರೆಯೇ? ಮಗಳಿಗೆ ಒಳ್ಳೆಯ ಕಡೆ ಸಿಗುತ್ತಿಲ್ಲ, ಮಗನಿಗೆ ಹೆಣ್ಣು ಒಪ್ಪುತ್ತಿಲ್ಲ, ಇದೇ ಸುದ್ದಿ. ಇವಳು ಸೂಜಿಗೆ ದಾರ ಪೋಣಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಹೀಗೆ ಕೇಳಿಸಿಕೊಳ್ಳುತ್ತಲೇ ಕುಮಟಾದ ಒಬ್ಬ ಹುಡುಗನಿಗೂ ಶಿರಾಲಿಯ ಒಬ್ಬ ಹುಡುಗಿಗೂ ಗಂಟು ಹಾಕಿಸಿದಳು. ಮದುವೆ ಚೆನ್ನಾಗಿ ನಡೆಯಿತು, ಮುಂದೆ ಸಂಸಾರವೂ ಚೆನ್ನಾಗಿ ನಡೆಯಿತು. ಸುದ್ದಿ ಹಬ್ಬಲು ಅಷ್ಟು ಸಾಕು. ಅಲ್ಲಿಗೆ ನನ್ನ ಜಗಲಿಯ ಆಸೆ ಪೂರ್ತಿ ಮುಗಿಯಿತು.

ನಮ್ಮ ಕಡೆ ಹುಡುಗಿಯ ಫೋಟೋ ಕೊಡುವುದೆಂದರೆ ಸಣ್ಣ ವಿಷಯವಲ್ಲ. ತಾಯಿ ಅದನ್ನು ಕವರಿಗೆ ಹಾಕಿ, ಕವರಿನ ಮೂಲೆಗೆ ಅರಿಶಿನ ಮುಟ್ಟಿಸಿ, ಇನ್ನೊಬ್ಬ ಹೆಂಗಸಿನ ಕೈಗೇ ಕೊಡುತ್ತಾಳೆ. ಗಂಡಸರ ಕೈಗೆ ಕೊಡುವ ಪದ್ಧತಿಯಿಲ್ಲ. ಮಂಗಲಾ ಅದನ್ನು ಹುಡುಗನ ಮನೆಗೆ ಒಯ್ದು ತೋರಿಸಿ ಅದೇ ದಿನ ವಾಪಸ್ ತರುತ್ತಿದ್ದಳು. ಅದರ ಮೇಲೆ ಅವಳದೇ ಒಂದು ಕಟ್ಟುನಿಟ್ಟು ಇತ್ತು. ಒಂದು ಮನೆಗೆ ಒಂದೇ ಫೋಟೋ. ಆ ಮನೆಯವರು ಬೇಡ ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಇನ್ನೊಂದು. ಬೇಡವಾದರೆ ಫೋಟೋ ಸೀದಾ ತಾಯಿಯ ಕೈಗೆ. ಹೀಗೆ ನಾಲ್ಕಾರು ಊರಿನ ತಾಯಂದಿರ ನಂಬಿಕೆ ಅವಳ ಬಟ್ಟೆ ಚೀಲದಲ್ಲಿ ಓಡಾಡುತ್ತಿತ್ತು. ಕೂಡಿಸಿಕೊಟ್ಟದ್ದಕ್ಕೆ ಒಂದು ಸೀರೆ, ಮದುಮಗಳ ಬ್ಲೌಸು ಹೊಲಿಯುವ ಕೆಲಸ, ಇಷ್ಟೇ ಅವಳ ಸಂಪಾದನೆ.

ಕೊಂಕಣ ರೈಲು ಓಡಲು ಶುರುವಾದ ಮೇಲೆ ಮುಂಬಯಿ ಕಡೆಯ ಸಂಬಂಧಗಳು ಹೆಚ್ಚಾದವು. ಡೊಂಬಿವಿಲಿ, ಠಾಣೆ, ಪುಣೆ, ಗೋವೆ, ಎಲ್ಲ ಕಡೆ ನಮ್ಮ ಜನ. ಅಲ್ಲಿಗೆಲ್ಲ ಚೀಲ ಹಿಡಿದು ಹೋಗಲು ಆಗುತ್ತದೆಯೇ? ಅಂಚೆಯಲ್ಲಿ ಕಳಿಸಿದ ಒಂದು ಫೋಟೋ ಎಲ್ಲೋ ಕಳೆದುಹೋದಾಗ ಇವಳು ಊಟ ಬಿಟ್ಟು ಕೂತಳು. ಆಗ ಬಜಾರಿನಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ನರೇಶ ಹೇಳಿದ, "ಅಕ್ಕಾ, ಒಂದು ವೆಬ್‌ಸೈಟ್ ಮಾಡುವ. ಎಲ್ಲಿ ಕೂತರೂ ನೋಡೂಕೆ ಆಗ್ತದೆ." ನರೇಶ ಹಾಸನದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ ಬಂದವನು, ಕೆಲಸ ಬಲ್ಲವನು. ಎರಡು ಸಾವಿರದ ಎರಡರಲ್ಲಿ ವೆಬ್‌ಸೈಟ್ ಆಯಿತು. ಬೆಂಗಳೂರಿನ ಒಂದು ಕಂಪನಿಯ ಸರ್ವರ್‌ನಲ್ಲಿ, ಅಂದರೆ ಅವರ ದೊಡ್ಡ ಕಂಪ್ಯೂಟರಿನಲ್ಲಿ, ಬಾಡಿಗೆಗೆ ಜಾಗ ಹಿಡಿದು ಅದನ್ನು ಇಟ್ಟರು.

ಮಂಗಲಾ ತನ್ನ ಕಟ್ಟುನಿಟ್ಟನ್ನು ಅಲ್ಲಿಗೂ ಒಯ್ದಳು. ವೆಬ್‌ಸೈಟಿನಲ್ಲಿ ಹುಡುಗಿಯ ಹೆಸರಿಲ್ಲ. ಒಂದು ನಂಬರು, ವಯಸ್ಸು, ಓದು, ಊರು. ಫೋಟೋ ನೋಡಬೇಕೆಂದು ನಂಬರ್ ಒತ್ತಿದರೆ ಪಾಸ್‌ವರ್ಡ್ ಕೇಳುತ್ತಿತ್ತು. ನಾವು ಅದಕ್ಕೆ ಕೀಲಿ ಎನ್ನುತ್ತಿದ್ದೆವು. ಹುಡುಗನ ತಾಯಿಯೋ ಅಕ್ಕನೋ ಫೋನ್ ಮಾಡಬೇಕು, ಇವಳು ಮಾತಾಡಿಸಬೇಕು, ಮನಸ್ಸಿಗೆ ಬಂದರೆ ಆ ಒಂದು ಫೋಟೋದ ಕೀಲಿ ಹೇಳಬೇಕು. ಅವರು ನೋಡಿದ ಮೇಲೆ ನರೇಶ ಕೀಲಿ ಬದಲಿಸಬೇಕು. ನರೇಶನಿಗೆ ಇದು ತಲೆನೋವು. "ಅಕ್ಕಾ, ಜನ ನಾಲ್ಕು ನೋಡಿ ಒಂದು ಆರಿಸೂದು ಅಲ್ದಾ?" ಎಂದ. "ಆರಿಸೂಕೆ ಅದೆಂತ ಬಂಗಡೆ ಮೀನಾ?" ಎಂದಳು ಇವಳು. ಅವನು ಆಮೇಲೆ ಆ ಮಾತು ಎತ್ತಲಿಲ್ಲ.

ಎರಡು ಸಾವಿರದ ಐದರ ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ಮಾವಿನಕುರ್ವೆಯ ಚಂದನಾಳ ಸಂಬಂಧ ಕೂಡಿಬಂದಿತ್ತು. ಚಂದನಾ ಹೊನ್ನಾವರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದ ಹುಡುಗಿ, ಕಡಿಮೆ ಮಾತು. ಅಪ್ಪ ಈರಪ್ಪ ಬೋಟಿನ ಇಂಜಿನ್ ರಿಪೇರಿ ಮಾಡುವವನು, ತಾಯಿ ಸೀತೆ. ಹುಡುಗ ಡೊಂಬಿವಿಲಿಯ ಗಿರೀಶ, ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಗಿರೀಶನ ತಾಯಿ ಕಲ್ಪನಾ ಕೀಲಿ ಇಸಿದುಕೊಂಡು ಫೋಟೋ ನೋಡಿದ್ದಳು, ಮಗನಿಗೂ ತೋರಿಸಿದ್ದಳು, ಜಾತಕವೂ ಕೂಡಿತ್ತು. ಒಪ್ಪಿಗೆ ಎಂದು ಫೋನಿನಲ್ಲಿ ಹೇಳಿಯೂ ಆಗಿತ್ತು. ನಿಶ್ಚಯಕ್ಕೆ ದಿನ ನೋಡುವುದೊಂದೇ ಬಾಕಿ. ಮಾವಿನಕುರ್ವೆಯಲ್ಲಿ ಸೀತೆ ನೆರೆಮನೆಯವರಿಗೆಲ್ಲ ಹೇಳಿ ಮುಗಿಸಿದ್ದಳು.

ಅದೇ ಹೊತ್ತಿಗೆ ಬೆಂಗಳೂರಿನ ಕಂಪನಿಯಿಂದ ಒಂದು ಇಮೇಲ್ ಬಂತು. ನಿಮ್ಮ ವೆಬ್‌ಸೈಟನ್ನು ಹೊಸ, ಹೆಚ್ಚು ವೇಗದ ಸರ್ವರ್‌ಗೆ ಸಾಗಿಸುತ್ತಿದ್ದೇವೆ, ನೀವು ಏನೂ ಮಾಡಬೇಕಾಗಿಲ್ಲ. ಈ "ಏನೂ ಮಾಡಬೇಕಾಗಿಲ್ಲ" ಎನ್ನುವ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಒಂದು ಟ್ರಾನ್ಸ್‌ಫಾರ್ಮರಿನಿಂದ ಇನ್ನೊಂದಕ್ಕೆ ಲೈನ್ ಬದಲಿಸಿದರೆ ನಾವು ಬೀದಿಯಲ್ಲಿ ನಡೆದು ಪ್ರತಿ ಮನೆಯ ಬಲ್ಬು ಹತ್ತಿತೇ ಎಂದು ಕೇಳುತ್ತೇವೆ. ಇವರು ತಂತಿ ಎಳೆದು ಏಣಿ ಹೆಗಲಿಗೆ ಹಾಕಿಕೊಂಡು ಹೋಗಿಬಿಟ್ಟರು.

ಎರಡು ದಿನ ವೆಬ್‌ಸೈಟ್ ತೆರೆಯಲೇ ಇಲ್ಲ. ಆಮೇಲೆ ಒಮ್ಮೆ ತೆರೆಯುವುದು, ಒಮ್ಮೆ ಬಿಳಿ ಹಾಳೆ ತೋರಿಸುವುದು. ಮಂಗಲಾಳಿಗೆ ಬರುತ್ತಿದ್ದ ಇಮೇಲ್‌ಗಳು ಎಲ್ಲೋ ಹೋದವು. ನರೇಶ ಬೆಂಗಳೂರಿಗೆ ಫೋನ್ ಹಚ್ಚಿದರೆ ಅಲ್ಲಿಂದ ಒಂದು ಹುಡುಗಿಯ ದನಿ, ಸ್ವಲ್ಪ ಕಾಯಿರಿ ಸರ್, ತಾನೇ ಸರಿಯಾಗುತ್ತದೆ ಎನ್ನುವುದು. ಕೊನೆಗೆ ಒಂದು ದಿನ ಎಲ್ಲ ಮೊದಲಿನಂತೆ ತೆರೆಯಿತು. ಮಂಗಲಾ ತಾನೇ ಸೈಬರ್ ಸೆಂಟರಿಗೆ ಹೋಗಿ ಒಂದು ನಂಬರ್ ಒತ್ತಿ ನೋಡಿದಳು. ಕೀಲಿ ಕೇಳಿತು. ಇನ್ನೊಂದು ಒತ್ತಿದಳು, ಅದೂ ಕೇಳಿತು. ನೆಮ್ಮದಿಯಿಂದ ಮನೆಗೆ ಬಂದು ಮೆಷಿನ್ ತುಳಿದಳು.

ಆಮೇಲೆ ಬಂತು ಡೊಂಬಿವಿಲಿಯ ಫೋನು. ಬೆಳಗಿನ ಹೊತ್ತು, ನಾನೂ ಮನೆಯಲ್ಲೇ ಇದ್ದೆ. ಕಲ್ಪನಾಳ ದನಿ ರಿಸೀವರಿನಿಂದ ಅಡುಗೆಮನೆಯವರೆಗೂ ಕೇಳುವಷ್ಟು ಗಟ್ಟಿ.

"ಮಂಗಲಕ್ಕಾ, ನಿಮ್ಮ ವೆಬ್‌ಸೈಟ್ ಈಗ ಏಕದಂ ಚಲೋ ಆಗಿದೆ ನೋಡಿ. ಕೀಲಿ ಗೀಲಿ ಎಂತದೂ ಕೇಳೂದಿಲ್ಲ. ಒತ್ತಿದ್ರೆ ಫೋಟೋ ಬತ್ತದೆ. ನಾವು ಮನೆಯವರೆಲ್ಲ ಕೂತು ಎಲ್ಲ ಹುಡುಗಿಯರನ್ನೂ ನೋಡಿದ್ವಿ."

ಮಂಗಲಾ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಅದ್ರಲ್ಲಿ ಮಾವಳ್ಳಿದು ಒಂದಿದೆ ಅಲ್ದಾ, ಡಿಗ್ರಿ ಓದಿದ್ದು, ಅದು ಗಿರೀಶನಿಗೆ ಭಾಳ ಹಿಡಿಸ್ತು. ಮಾವಿನಕುರ್ವೆದು ಸದ್ಯಕ್ಕೆ ಇರ್ಲಿ. ನೀವು ಮಾವಳ್ಳಿಯವ್ರ ಹತ್ರ ಮಾತಾಡಿ."

ಮಾವಳ್ಳಿಯ ಹುಡುಗಿ ಎಂದರೆ ತಿಮ್ಮಪ್ಪನ ಮಗಳು ಧನ್ಯಾ. ಅವಳ ಫೋಟೋ ಕಲ್ಪನಾಳ ಕಣ್ಣಿಗೆ ಬೀಳಲೇಬಾರದಿತ್ತು. ಮಂಗಲಾ ಇಷ್ಟು ವರ್ಷ ಕಾದ ಕಟ್ಟುನಿಟ್ಟು ಇದ್ದದ್ದೇ ಇದಕ್ಕೆ. ಒಬ್ಬಳಿಗೆ ಹೂಂ ಎಂದವರು ಪಕ್ಕದಲ್ಲಿ ಇನ್ನೊಬ್ಬಳನ್ನು ಕಂಡು ಮಾತು ತಿರುಗಿಸಬಾರದು ಎಂದು.

"ಕಲ್ಪನಾ, ನೀವು ಒಪ್ಪಿಗೆ ಹೇಳಿ ಆಗಿದೆ," ಎಂದಳು.

"ಹೇಳಿದ್ದು ಹೌದು. ನಿಶ್ಚಯ ಎಂತ ಆಗ್ಲಿಲ್ಲ ಅಲ್ದಾ? ಹುಡುಗ ಹಠ ಹಿಡಿದ್ರೆ ನಾ ಎಂತ ಮಾಡೂದು?"

ಸೈಬರ್ ಸೆಂಟರಿಗೆ ಓಡಿದೆವು. ನರೇಶ ನಂಬಲಿಲ್ಲ. ಅವನ ಕಂಪ್ಯೂಟರಿನಲ್ಲಿ ಕೀಲಿ ಕೇಳುತ್ತಲೇ ಇತ್ತು. ಬೆಂಗಳೂರಿಗೆ ಫೋನ್ ಹಚ್ಚಿ ಅರ್ಧ ಗಂಟೆ ಜಗಳಾಡಿದ ಮೇಲೆ ವಿಷಯ ತಿಳಿಯಿತು. ಮನೆ ಬದಲಿಸಿದವರ ಕಾಗದ ಕೆಲವು ದಿನ ಹಳೇ ಮನೆಗೇ ಹೋಗುವಂತೆ, ಹೊನ್ನಾವರದಿಂದ ಒತ್ತಿದ್ದೆಲ್ಲ ಇನ್ನೂ ಹಳೇ ಸರ್ವರ್‌ಗೇ ಹೋಗುತ್ತಿತ್ತು. ಅಲ್ಲಿ ಬೀಗ ಭದ್ರ. ಮುಂಬಯಿಯವರಿಗೆ ಮಾತ್ರ ಹೊಸ ಸರ್ವರ್ ತೆರೆಯುತ್ತಿತ್ತು. ಅಲ್ಲಿ ಫೋಟೋಗಳೆಲ್ಲ ಬಂದಿದ್ದವು, ಆದರೆ ಹಳೇ ಬೀಗದ ಭಾಷೆ ಹೊಸ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ನಮ್ಮ ಕಡೆಯಿಂದ ಎಲ್ಲ ಸರಿಯಾಗಿ ಸಾಗಿಸಿದ್ದೇವೆ ಸರ್ ಎಂದಿತು ಆ ದನಿ.

"ಮೊದಲು ಫೋಟೋ ಎಲ್ಲ ತೆಗಿ," ಎಂದಳು ಮಂಗಲಾ. ನರೇಶ ಅಳಿಸಿದ. "ಆತು ಅಕ್ಕಾ," ಎಂದ. ಇವಳು ಸುಮ್ಮನಾಗಲಿಲ್ಲ. ಪಕ್ಕದ ಎಸ್‌ಟಿಡಿ ಬೂತಿನಿಂದ ಕಲ್ಪನಾಳಿಗೆ ಫೋನ್ ಮಾಡಿ, ಈಗ ನೋಡಿ ಎಂದಳು. ಎಲ್ಲ ಇದೆಯಲ್ಲ, ಎಂದಳು ಕಲ್ಪನಾ. ನರೇಶ ಅಳಿಸಿದ್ದು ಹಳೇ ಸರ್ವರ್‌ನಲ್ಲಿದ್ದದ್ದನ್ನು. ಅವನ ಮೋರೆ ಸಪ್ಪಗಾಯಿತು. ಮತ್ತೆ ಬೆಂಗಳೂರಿಗೆ ಫೋನು, ಮತ್ತೆ ಜಗಳ. ಹೊಸ ಸರ್ವರಿನ ನಂಬರನ್ನು ಕಾಡಿ ಬೇಡಿ ತಕ್ಕೊಂಡು, ವೆಬ್‌ಸೈಟಿನ ಹೆಸರು ಬಿಟ್ಟು ಆ ನಂಬರನ್ನೇ ಒತ್ತಿ ಒಳಹೊಕ್ಕು ಅಳಿಸಿದ. ಇವಳು ಬೂತಿನಿಂದ ಕಲ್ಪನಾಳಿಗೆ ಒಂದೊಂದೇ ಹುಡುಗಿಯ ನಂಬರ್ ಹೇಳಿ, ಹೋಯಿತೇ, ಹೋಯಿತೇ ಎಂದು ಕೇಳಿ ಖಾತ್ರಿ ಮಾಡಿಕೊಂಡಳು. ಕಲ್ಪನಾ ನಡುನಡುವೆ, "ಅಯ್ಯೋ, ಈ ಹುಡುಗಿಯೂ ಚಂದ ಇತ್ತು," ಎನ್ನುತ್ತಿದ್ದಳಂತೆ.

ಮನೆಗೆ ಬರುವಾಗ ನಾನು ನನ್ನ ಬುದ್ಧಿ ಖರ್ಚು ಮಾಡಿದೆ. "ನೋಡು, ಫೋಟೋ ತೆಗೆದಾತು. ಊರಲ್ಲಿ ಯಾರಿಗೂ ಗೊತ್ತಿಲ್ಲ. ಮಾವಿನಕುರ್ವೆಯವ್ರಿಗೆ ಜಾತಕದಲ್ಲಿ ಎಂತದೋ ದೋಷ ಕಂಡ್ತು ಹೇಳು. ಜಾತಕ ಇರೂದೇ ಇಂಥಾ ಹೊತ್ತಿಗೆ." ಈ ಮಾತು ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ನಮ್ಮ ಕರಾವಳಿಯಲ್ಲಿ ಎಷ್ಟು ಮನೆಗಳ ಮರ್ಯಾದೆಯನ್ನು ಜಾತಕ ಉಳಿಸಿದೆ ಎಂದು ಲೆಕ್ಕ ಇಟ್ಟವರಿಲ್ಲ.

ಮಂಗಲಾ ನಡೆಯುವುದನ್ನು ನಿಲ್ಲಿಸಿದಳು. "ಜಾತಕ ಕೂಡಿದೆ ಹೇಳಿ ಬಂದವಳು ನಾನೇ. ಈಗ ಕೂಡ್ಲಿಲ್ಲ ಹೇಳಿದ್ರೆ ಆ ಹುಡುಗಿಯಲ್ಲಿ ಎಂತದೋ ಐಬು ಇದೆ ಹೇಳಿ ಆಗ್ತದೆ. ಐಬು ಇದ್ದದ್ದು ಬೀಗದಲ್ಲಿ. ಹುಡುಗಿಯಲ್ಲಿ ಅಲ್ಲ."

"ನಿಜ ಹೇಳಿದ್ರೆ ನಿನ್ನ ಕೈಗೆ ಇನ್ನು ಯಾರು ಫೋಟೋ ಕೊಡ್ತಾರೆ? ಇಷ್ಟು ವರ್ಷ ಮಾಡಿದ್ದೆಲ್ಲ ನೀರಿಗೆ ಹೋಗ್ತದೆ."

"ಹೋಗ್ಲಿ. ನಾಳೆ ನಿಮಗೆ ರಜೆ ಇದ್ರೆ ಬನ್ನಿ. ಇಲ್ಲದಿದ್ರೆ ನಾ ಒಬ್ಬಳೇ ಹೋಗ್ತೆ."

ರಜೆ ಇರಲಿಲ್ಲ. ಹಾಕಿದೆ.

ಮಾವಿನಕುರ್ವೆಗೆ ದೋಣಿಯಲ್ಲಿ ದಾಟುವಾಗ ಅವಳು ಚೀಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಚಂದನಾಳ ಫೋಟೋ ಅದರಲ್ಲಿತ್ತು. ವಾಪಸ್ ಕೊಡಲೆಂದು ತಂದದ್ದು. ಶರಾವತಿ ತುಂಬಿತ್ತು, ದೋಣಿಯಲ್ಲಿದ್ದ ಹೆಂಗಸರೆಲ್ಲ ಅವಳನ್ನು ಮಾತಾಡಿಸಿದರು. ಸೀತೆಯ ಮಗಳಿಗೆ ಮುಂಬಯಿಯ ಗಂಡು ತಂದವಳು ಎಂದು ಒಬ್ಬಳು ಇನ್ನೊಬ್ಬಳಿಗೆ ತೋರಿಸಿಕೊಟ್ಟಳು. ನನಗೆ ನದಿಗೆ ಹಾರಿಬಿಡೋಣ ಅನ್ನಿಸಿತು.

ಈರಪ್ಪ ಅಂಗಳದಲ್ಲಿ ಇಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದ. ಸೀತೆ ನಮ್ಮನ್ನು ಕಂಡದ್ದೇ ಒಳಗೋಡಿ ಬೆಲ್ಲ, ನೀರು ತಂದಳು. "ದಿನ ಹೇಳೂಕೆ ಬಂದ್ರಾ, ಮಂಗಲಕ್ಕಾ?" ಎಂದಳು. ಅವತ್ತು ಚಂದನಾಳಿಗೆ ವಾರದ ರಜೆ. ಬಾಗಿಲ ಮರೆಯಲ್ಲಿ ಅವಳ ಸೆರಗು ಕಾಣುತ್ತಿತ್ತು.

ಮಂಗಲಾ ಬೆಲ್ಲ ಮುಟ್ಟಲಿಲ್ಲ. "ಮೊದಲು ಮಾತು ಕೇಳಿ. ಆಮೇಲೆ ಬೆಲ್ಲ," ಎಂದು ಶುರು ಮಾಡಿ ಒಂದನ್ನೂ ಮುಚ್ಚಿಡದೆ ಹೇಳಿದಳು. ಸರ್ವರ್ ಬದಲಾದದ್ದು, ಬೀಗ ಕಳಚಿ ಬಿದ್ದದ್ದು, ಡೊಂಬಿವಿಲಿಯವರು ಎಲ್ಲರ ಫೋಟೋ ನೋಡಿದ್ದು, ಮಾತು ತಿರುಗಿಸಿದ್ದು. ಮಾವಳ್ಳಿಯ ಹುಡುಗಿಯ ಹೆಸರೊಂದನ್ನು ಮಾತ್ರ ಹೇಳಲಿಲ್ಲ.

ಈರಪ್ಪ ಎದ್ದು ನಿಂತ. ಬೋಲ್ಟು ಬಿಚ್ಚುವ ಪಾನಾ ಕೈಯಲ್ಲೇ ಇತ್ತು. "ಹಾಂಗಾರೆ ನನ್ನ ಮಗಳ ಮೋರೆ ಲೋಕಕ್ಕೆಲ್ಲ ತೋರ್ಸಿದಾಂಗೆ ಆತಲ್ಲ."

"ಆತು, ಈರಪ್ಪಣ್ಣ. ಕೆಲವು ದಿನ ಯಾರು ಬೇಕಾದ್ರೂ ನೋಡೂ ಹಾಂಗೆ ಇತ್ತು."

"ಯಾರ ತಪ್ಪು ಇದು?"

ಬೆಂಗಳೂರಿನವರದು ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಅವಳು ನನಗೆ ಅವಕಾಶ ಕೊಡಲಿಲ್ಲ.

"ಅರ್ಧ ತಪ್ಪು ಯಂತ್ರ ಬದಲಿಸಿದವ್ರದ್ದು. ನಾನು ಹೊನ್ನಾವರದಲ್ಲಿ ಕೂತು ನೋಡಿ, ಸರಿ ಇದೆ ಹೇಳಿ ಮನೆಗೆ ಹೋದೆ. ದೂರದವ್ರಿಗೆ ಒಂದು ಫೋನ್ ಮಾಡಿ ಕೇಳ್ಬೇಕಿತ್ತು. ಆ ಅರ್ಧ ನಂದು. ಫೋಟೋ ಇಸ್ಕೊಂಡ ಕೈಯೂ ನಂದೇ."

ಸೀತೆ ಕಣ್ಣು ಒರೆಸಿಕೊಂಡಳು. "ಜಾತಕ ಕೂಡ್ಲಿಲ್ಲ ಹೇಳಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ."

"ಆಗ್ತಿರ್ಲಿಲ್ಲ," ಎಂದಳು ಮಂಗಲಾ. ಆ ಹೊತ್ತಿಗೆ ಯಾರೂ ನನ್ನ ಕಡೆ ನೋಡಲಿಲ್ಲ, ಅದು ನನ್ನ ಪುಣ್ಯ.

ಚೀಲದಿಂದ ಕವರು ತೆಗೆದು ಸೀತೆಯ ಮುಂದೆ ಹಿಡಿದಳು. ಸೀತೆಯ ಕೈ ಏಳಲಿಲ್ಲ. ಆಗ ಚಂದನಾ ಹೊರಗೆ ಬಂದಳು. ಅತ್ತಿರಲಿಲ್ಲ. ಅಂಗಡಿಯಲ್ಲಿ ಗುಳಿಗೆಯ ಚೀಟಿ ಓದುವಾಗ ಹೇಗಿರುತ್ತಾಳೋ ಹಾಗೇ ಇದ್ದಳು.

"ಅಕ್ಕಾ, ಬೀಗ ಸರಿ ಇದ್ದಿದ್ರೆ ಅವ್ರು ನನ್ನನ್ನೇ ಮಾಡ್ಕೊಳ್ತಿದ್ರಾ?"

"ಹೌದು ಮಗಾ. ದಿನ ನೋಡೂದೊಂದೇ ಬಾಕಿ ಇತ್ತು."

"ಅಂದ್ರೆ ಬೇರೆ ಹುಡುಗಿ ಕಣ್ಣಿಗೆ ಬೀಳದಿದ್ರೆ ಮಾತ್ರ ನಾನು ಆಗ್ತಿದ್ದೆ."

ಅವಳು ಮಂಗಲಾಳ ಕೈಯಲ್ಲಿದ್ದ ಕವರು ತೆಗೆದುಕೊಂಡಳು.

"ಬೀಗ ಈಗಲೇ ಕಳಚಿ ಬಿದ್ದದ್ದು ಒಳ್ಳೇದಾತು," ಎಂದಳು ಚಂದನಾ. "ಮದುವೆ ಆಗಿ ಮುಂಬಯಿಗೆ ಹೋದ್ಮೇಲೆ ಅವನ ಕಣ್ಣಿಗೆ ದಿನಾ ಎಷ್ಟು ಜನ ಬೀಳ್ತಿದ್ರು. ಅವರಿಗೆಲ್ಲ ಬೀಗ ಹಾಕೂಕೆ ಮಂಗಲಕ್ಕ ಬತ್ತಿದ್ರಾ?"

ಈರಪ್ಪ ಪಾನಾ ಕೆಳಗಿಟ್ಟ. ಜಗಲಿಯ ಅಂಚಿಗೆ ಕೂತು ಮಗಳನ್ನೇ ನೋಡಿದ. ಅವನ ಸಿಟ್ಟು ಇಳಿಯಿತೋ, ಸಿಟ್ಟು ಯಾರ ಮೇಲೆಂಬುದು ಬದಲಾಯಿತೋ ನನಗೆ ಗೊತ್ತಾಗಲಿಲ್ಲ. ಚಂದನಾ ಕವರಿನಿಂದ ತನ್ನ ಫೋಟೋ ತೆಗೆದು ಒಮ್ಮೆ ನೋಡಿ, ಮತ್ತೆ ಒಳಗೆ ಹಾಕಿ, ಮಂಗಲಾಳ ಮಡಿಲಲ್ಲಿಟ್ಟಳು.

"ಇದು ನಿಮ್ಮ ಹತ್ರವೇ ಇರ್ಲಿ, ಅಕ್ಕಾ. ಆದ್ರೆ ಇನ್ನು ನನ್ನ ಫೋಟೋ ಮೊದಲು ಹೋಗೂದು ಬೇಡ. ಹುಡುಗನ ಫೋಟೋ ಮೊದಲು ನನ್ನ ಕೈಗೆ ಬರ್ಲಿ. ನಾನು ನೋಡಿ ಆತು ಹೇಳಿದ್ಮೇಲೆ ಇದು ಹೋಗ್ಲಿ."

"ಎಲ್ಲಾದ್ರೂ ಉಂಟಾ ಅದು?" ಎಂದ ಈರಪ್ಪ.

ಮಂಗಲಾ ಯೋಚಿಸಿದಳು. ಅವಳು ಯೋಚಿಸುವಾಗ ಕೆಳತುಟಿ ಒಳಗೆಳೆದುಕೊಳ್ಳುತ್ತಾಳೆ. ಬಟ್ಟೆಗೆ ಕತ್ತರಿ ಹಾಕುವ ಮೊದಲೂ ಹಾಗೇ ಮಾಡುತ್ತಾಳೆ.

"ಇಲ್ಲಿವರೆಗೆ ಇಲ್ಲ, ಈರಪ್ಪಣ್ಣ. ನಾವು ಮಾಡಿದ್ರೆ ಉಂಟಾಗ್ತದೆ," ಎಂದು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ನಾನೂ ಕುಡಿದೆ.

ಅಲ್ಲಿಗೆ ಕೆಲಸ ಮುಗಿದಿರಲಿಲ್ಲ. ಉಳಿದ ಹುಡುಗಿಯರ ಮನೆಗಳೂ ಇದ್ದವಲ್ಲ. ಮುಂದಿನ ವಾರಗಳಲ್ಲಿ ಅವಳು ಭಟ್ಕಳದಿಂದ ಕುಮಟಾದವರೆಗೆ ಬಸ್ಸು, ಟೆಂಪೋ ಹತ್ತಿ ಇಳಿದು, ಪ್ರತಿ ಮನೆಗೂ ಹೋಗಿ ಅದೇ ಮಾತನ್ನು ಹೇಳಿದಳು. ಕೆಲವರು ಬೈದರು. ಕುಮಟಾದ ಒಬ್ಬಳು ಅಂಗಳದಲ್ಲೇ ನಿಲ್ಲಿಸಿ ಫೋಟೋ ಕಿತ್ತುಕೊಂಡು ಬಾಗಿಲು ಹಾಕಿಕೊಂಡಳು. ಆ ಸಂಜೆ ಇವಳು ಅತ್ತಳು, ನಾನು ಅನ್ನಕ್ಕಿಟ್ಟೆ. ಮಾವಳ್ಳಿಯ ತಿಮ್ಮಪ್ಪನಿಗೆ ಡೊಂಬಿವಿಲಿಯವರು ಧನ್ಯಾಳನ್ನು ಕೇಳಿದ್ದನ್ನೂ ಹೇಳಿದಳು. "ಈ ಮಾತು ನಾನು ತಂದದ್ದಲ್ಲ, ನಿಮಗೆ ಗೊತ್ತಿರ್ಲಿ ಹೇಳಿ ಹೇಳಿದ್ದು. ಮುಂದುವರಿಸೂದಾದ್ರೆ ನಾನು ನಡುವೆ ಇಲ್ಲ," ಎಂದಳು. ತಿಮ್ಮಪ್ಪ ವೀಳ್ಯದೆಲೆ ಮಡಚುತ್ತಾ, "ಹೂಂ ಅಂದ ಮಾತನ್ನ ಉಗುಳಿದವ್ನಿಗೆ ನಾ ಮಗಳನ್ನ ಕೊಡ್ತೆನಾ?" ಎಂದನಂತೆ.

ಹೆಚ್ಚಿನ ತಾಯಂದಿರು ಫೋಟೋ ವಾಪಸ್ ಪಡೆಯಲಿಲ್ಲ. ತಾನಾಗಿ ಬಂದು ಹೇಳಿದಳಲ್ಲ ಎಂದರು. ವೆಬ್‌ಸೈಟ್ ಬೇರೆ ಕಂಪನಿಯ ಸರ್ವರ್‌ಗೆ ಹೋಯಿತು. ನರೇಶ ಈ ಸಲ ಹೊನ್ನಾವರದಲ್ಲಿ ಮಾತ್ರ ನೋಡಿ ಸುಮ್ಮನಾಗದೆ ಪುಣೆ, ಗೋವೆ, ಠಾಣೆಗೆಲ್ಲ ಫೋನ್ ಮಾಡಿ ಒತ್ತಿಸಿ ನೋಡಿದ. ಹಾಗೆ ತೆರೆದ ವೆಬ್‌ಸೈಟಿನಲ್ಲಿ ಇದ್ದದ್ದು ಹುಡುಗರ ಫೋಟೋಗಳು. ಕೀಲಿ ಹೋಗುವುದು ಹುಡುಗಿಯರ ಮನೆಗೆ. ಹುಡುಗಿ ಒಪ್ಪಿದರೆ ಅವಳ ಫೋಟೋ ಹುಡುಗನ ಮನೆಗೆ. ಹುಡುಗರ ಅಪ್ಪಂದಿರು ಹಾರಾಡಿದರು. ನಮ್ಮ ಹುಡುಗ ಎಂತ ಸಂತೆಗೆ ಬಂದವನಾ ಎಂದು ಒಬ್ಬರು ನನ್ನನ್ನು ರಸ್ತೆಯಲ್ಲೇ ಹಿಡಿದು ಕೇಳಿದರು. ಹುಡುಗಿಯರ ಅಪ್ಪಂದಿರು ಇಷ್ಟು ವರ್ಷ ಯಾಕೆ ಹಾಗೆ ಕೇಳಲಿಲ್ಲ ಎಂದು ನಾನು ಕೇಳಿದೆ. ಅವರು ಮನೆಗೆ ಹೋದರು, ಆರು ತಿಂಗಳು ಬಿಟ್ಟು ಮಗನ ಫೋಟೋ ಕಳಿಸಿದರು.

ಚಂದನಾ ನಾಲ್ಕಾರು ಕೀಲಿ ತೆರೆದು ಬೇಡ ಎಂದಳು. ಕೊನೆಗೆ ಕುಮಟಾದ ಒಬ್ಬ ಪ್ರೈಮರಿ ಶಾಲೆಯ ಮಾಸ್ತರನಿಗೆ ಆತು ಎಂದಳು. ಎರಡು ಸಾವಿರದ ಏಳರಲ್ಲಿ ಕುಮಟಾದಲ್ಲೇ ಮದುವೆ. ಮದುಮಕ್ಕಳು ಪಂಕ್ತಿಯಲ್ಲಿ ಕೂತವರನ್ನು ಮಾತಾಡಿಸುತ್ತಾ ಬರುತ್ತಿದ್ದರು. ನಮ್ಮ ಎದುರು ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜ ಮದುಮಗನನ್ನು ತಡೆದು, "ಹುಡುಗಿಯನ್ನ ಮೊದಲು ಎಲ್ಲಿ ನೋಡಿದ್ಯಾ ತಮ್ಮಾ?" ಎಂದು ಕೇಳಿದ.

"ನಾನು ನೋಡಿದ್ದಲ್ಲ, ಅಜ್ಜಾ," ಎಂದ ಅವನು. "ಮೊದಲು ಅವಳು ನನ್ನನ್ನ ನೋಡಿದ್ದು. ಪಾಸಾದ್ಮೇಲೆ ನನಗೆ ಅವಳ ಫೋಟೋ ಬಂತು."

ಅಜ್ಜನಿಗೆ ಏನೂ ಅರ್ಥವಾಗಲಿಲ್ಲ. ಮಂಗಲಾಳಿಗೆ ಕೇಳಿಸಿತ್ತು, ಆದರೆ ಅವಳು ತಲೆ ಎತ್ತದೆ ಸಾರನ್ನಕ್ಕೆ ಉಪ್ಪು ಕಲಸುತ್ತಿದ್ದಳು. ಊಟದ ನಡುವೆ ಪಂಕ್ತಿಯಿಂದ ಏಳಬಾರದು, ನನಗೂ ಗೊತ್ತು. ಎದ್ದೆ. ಅವಳು ಪಂಚೆ ಹಿಡಿದು ಎಳೆದಳು, ಬಿಡಿಸಿಕೊಂಡೆ. ಎಂಜಲು ಕೈಯನ್ನು ಹಿಂದೆ ಹಿಡಿದುಕೊಂಡು ಅಜ್ಜನ ಹತ್ತಿರ ಹೋಗಿ, "ಆ ಪದ್ಧತಿ ತಂದವಳು ಅಲ್ಲಿ ಕೂತಿದ್ದಾಳಲ್ಲ, ಹಸಿರು ಸೀರೆ," ಎಂದು ತೋರಿಸಿದೆ. "ನನ್ನ ಹೆಂಡತಿ."